ಸೊಪ್ಪಿನಬೆಟ್ಟದಿಂದ ಹೂಕುಂಡದವರೆಗೆ



ಪಟ್ಟಣವಾಸಿಗಳಾದ ನಮ್ಮಲ್ಲಿ ಮನೆಯ ಮುಂದೆ ನಾಲ್ಕು ಗುಲಾಬಿಯ ಕುಂಡಗಳನ್ನೋ ಹಿತ್ತಿಲಲ್ಲಿ ಒಂದು ನಿಂಬೆಯ ಗಿಡವನ್ನೋ ಸಾಕದವರು ವಿರಳ. ಆ ಗಿಡದ ಎಲೆ ಒಂದು ದಿನ ಬೆಳಗ್ಗೆ ಹಳದಿಗೆ ತಿರುಗಿರುವುದನ್ನು ಕಂಡಾಗ ನಾವು ಮಾಡುವುದೇನು? ಅಂಗಡಿಗೆ ಹೋಗಿ ಒಂದು ಪೊಟ್ಟಣ ಗೊಬ್ಬರವನ್ನು ತಂದು, ಹಿಡಿತುಂಬ ತೆಗೆದು ಬುಡಕ್ಕೆ ಸುರಿಯುತ್ತೇವೆ. ನಾನೂ ಹಾಗೆಯೇ ಮಾಡಿದೆನು. ಎಂಟು ದಿನಗಳಲ್ಲಿ ನನ್ನ ಗುಲಾಬಿಯ ಎಲೆಗಳ ಅಂಚು ಕಾದ ಕಬ್ಬಿಣ ತಗುಲಿದಂತೆ ಕರಕಾಯಿತು; ಹದಿನೈದು ದಿನಗಳಲ್ಲಿ ಎರಡು ಗಿಡಗಳು ಸತ್ತುವು. ಚರಿತ್ರೆಯ ಅಧ್ಯಾಪಕನು ರಸಾಯನಶಾಸ್ತ್ರಕ್ಕೆ ಕೈಹಾಕಿದರೆ ಹೀಗಾಗುವುದು ಸಹಜವೇ ಎಂದು ಮನೆಯವರು ನಕ್ಕರು.

ಆ ವರ್ಷದ ರಜೆಯಲ್ಲಿ ನಿಟ್ಟೂರಿನ ಬಳಿಯ ಸೋದರಮಾವನ ಮನೆಗೆ ಹೋಗಿದ್ದಾಗ ಈ ಕಥೆಯನ್ನು ಹೇಳಿದೆನು. ಮಾವ ನಗಲಿಲ್ಲ. "ಎಲೆ ಹಳದಿಯಾಯಿತು ಅಂತೀಯಲ್ಲ ಮಾರಾಯ, ಯಾವ ಎಲೆ? ಹಳೇ ಎಲೆಯೋ, ಹೊಸ ಎಲೆಯೋ?" ಎಂದು ಕೇಳಿದರು. ನಾನು ನೋಡಿರಲಿಲ್ಲ. ಬಿ.ಎ., ಎಂ.ಎ. ಪರೀಕ್ಷೆಗಳಲ್ಲಿ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಬರೆದವನು ಆ ಒಂದು ಪ್ರಶ್ನೆಗೆ ತಲೆತಗ್ಗಿಸಬೇಕಾಯಿತು. ಅದು ಎಷ್ಟು ತೂಕದ ಪ್ರಶ್ನೆಯೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಅದರ ಉತ್ತರವನ್ನು ಕಂಡುಕೊಳ್ಳಲು ಮನುಷ್ಯನಿಗೆ ಎಷ್ಟು ಕಾಲ ಹಿಡಿಯಿತು, ನಮ್ಮ ಮಲೆನಾಡಿನ ತೋಟಿಗರು ಆ ವಿದ್ಯೆಯ ಎಷ್ಟು ಭಾಗವನ್ನು ಪುಸ್ತಕವಿಲ್ಲದೆಯೇ ಬಲ್ಲವರಾಗಿದ್ದರು ಎಂಬ ವಿಷಯವನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಹೊಸನಗರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಬಿದನೂರೆಂದು ಹೆಸರಾಗಿದ್ದ ನಗರದಿಂದ ಕೊಲ್ಲೂರಿನ ಕಡೆಗೆ ಹೋಗುವ ದಾರಿಯಲ್ಲಿ, ಕೊಡಚಾದ್ರಿಯ ನೆರಳಿನಲ್ಲಿ ನಿಟ್ಟೂರು ಇದೆ. ಘಟ್ಟದ ಈ ನೆತ್ತಿಯಲ್ಲಿ ವರ್ಷಕ್ಕೆ ಇನ್ನೂರು ಅಂಗುಲಕ್ಕೆ ಕಡಮೆಯಿಲ್ಲದಂತೆ ಮಳೆ ಸುರಿಯುವ ಎಡೆಗಳು ಹಲವು. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ತೀರುತ್ತದೆ. ಇಷ್ಟು ಹಸುರಾಗಿರುವ ಸೀಮೆಯಲ್ಲಿ ಮಣ್ಣು ಎಷ್ಟು ಫಲವತ್ತಾಗಿರಬೇಕು ಎಂದು ಬಯಲುಸೀಮೆಯಿಂದ ಬಂದವನು ಬೆರಗಾಗುತ್ತಾನೆ. ವಾಸ್ತವವಾಗಿ ಸಂಗತಿ ಇದಕ್ಕೆ ವಿರುದ್ಧವಾದುದು. ಆ ಮಳೆಯೇ ಮಣ್ಣನ್ನು ತೊಳೆದು ಬಡವಾಗಿಸುತ್ತದೆ. ನೀರಿನಲ್ಲಿ ಕರಗುವ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲವೂ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಹೋಗುತ್ತವೆ. ಕರಗದ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಉಳಿದು ಮಣ್ಣು ಕೆಂಪಾಗುತ್ತದೆ, ಹುಳಿಯಾಗುತ್ತದೆ. ಆ ಹುಳಿಮಣ್ಣಿನಲ್ಲಿ ರಂಜಕವಿದ್ದರೂ ಕಬ್ಬಿಣವು ಅದನ್ನು ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಹಾಗಾದರೆ ಕಾಡು ಹೇಗೆ ಬೆಳೆಯಿತು? ಕಾಡು ತನ್ನ ಆಸ್ತಿಯನ್ನು ಮಣ್ಣಿನಲ್ಲಿಡದೆ ಎಲೆಯಲ್ಲಿ ಇಟ್ಟುಕೊಂಡಿರುತ್ತದೆ. ಬಿದ್ದ ಎಲೆ ಕೊಳೆಯುವಷ್ಟರಲ್ಲಿ ಮೇಲಣ ಬೇರುಗಳು ಅದರ ಸತ್ತ್ವವನ್ನು ಹಿಡಿದು ಮತ್ತೆ ಮೇಲಕ್ಕೆ ಏರಿಸುತ್ತವೆ. ಕಾಡನ್ನು ಕಡಿದು ತೋಟವನ್ನಿಟ್ಟವನಿಗೆ ಈ ಚಕ್ರ ತಪ್ಪಿಹೋಗುತ್ತದೆ. ಅದನ್ನು ಅವನು ತನ್ನ ಕೈಯಿಂದಲೇ ತಿರುಗಿಸಬೇಕಾಗುತ್ತದೆ.

ತಿರುಗಿಸುವ ಉಪಾಯಕ್ಕೆ ಸೊಪ್ಪಿನಬೆಟ್ಟವೆಂದು ಹೆಸರು. ಕಣಿವೆಯ ತಳದಲ್ಲಿ ಅಡಕೆಯ ತೋಟ. ಅದರ ಮೇಲಣ ಇಳಿಜಾರಿನಲ್ಲಿ ತೋಟಕ್ಕೆಂದೇ ಬಿಟ್ಟ ಕಾಡು. ಮಳೆಗಾಲದಲ್ಲಿ ಹಸಿಸೊಪ್ಪನ್ನು ಕಡಿದು ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುವುದು. ಬೇಸಗೆಯಲ್ಲಿ ಉದುರಿದ ದರಗನ್ನು ಗುಡಿಸಿ ತಂದು ಹಾಸುವುದು. ಸಗಣಿ ಗಂಜಲಗಳಲ್ಲಿ ತುಳಿದು ಬೆರೆತ ಆ ಹಾಸು ಗೊಬ್ಬರದ ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆತು, ಬುಟ್ಟಿಬುಟ್ಟಿಯಾಗಿ ತಲೆಯ ಮೇಲೆ ತೋಟಕ್ಕೆ ಇಳಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ದಿಬ್ಬದ ಹೊಸಮಣ್ಣನ್ನು ಕಡಿದು ತಂದು ಮರಗಳ ಬುಡಕ್ಕೆ ಹರಡುವುದೂ ಉಂಟು. ದನವು ಇಲ್ಲಿ ಹಾಲಿಗಾಗಿ ಮಾತ್ರ ಇದ್ದುದಲ್ಲ. ಹಲವು ಮನೆಗಳಲ್ಲಿ ಕರೆಯದ ದನಗಳೇ ಹೆಚ್ಚಾಗಿದ್ದುವು. ಅವು ಬೆಟ್ಟವನ್ನು ಅರೆದು ತೋಟಕ್ಕೆ ಕೊಡುವ ಗಾಣಗಳಾಗಿದ್ದುವೆಂದರೆ ತಪ್ಪಾಗದು.

ಈ ಪದ್ಧತಿ ಎಷ್ಟು ಹಳೆಯದೆಂದು ವರ್ಷವನ್ನು ಹಿಡಿದು ಹೇಳುವ ಅಗತ್ಯವಿಲ್ಲ. ಆದರೆ ಈ ಸೀಮೆಯಲ್ಲಿ ಮಣ್ಣಿನ ಗುಣವನ್ನು ರಾಜ್ಯದ ಕಡತಕ್ಕೆ ಏರಿಸಿದ ಪ್ರಸಿದ್ಧ ಪ್ರಯತ್ನ ಒಂದಿದೆ. ಕೆಳದಿಯ ಅರಸರಲ್ಲಿ ಹೆಸರಾದ ಶಿವಪ್ಪನಾಯಕನು 1645 ರಿಂದ 1660 ರ ವರೆಗೆ ಬಿದನೂರಿನಿಂದ ಆಳಿದನು. ಅವನ ಭೂಕಂದಾಯದ ಕ್ರಮಕ್ಕೆ 'ಶಿಸ್ತು' ಎಂದು ಹೆಸರು. ಶಿವಪ್ಪನಾಯಕನ ಶಿಸ್ತು ಎಂಬ ಮಾತು ನಮ್ಮಲ್ಲಿ ಗಾದೆಯಾಗಿ ಉಳಿದಿದೆ; ಆದರೆ ಅದನ್ನು ನಡೆನುಡಿಯ ಕಟ್ಟುನಿಟ್ಟೆಂದು ತಿಳಿಯುವವರೇ ಹೆಚ್ಚು. ರೈಸ್ ಅವರ ಮೈಸೂರು ಗೆಜೆಟಿಯರಿನಿಂದ ತಿಳಿಯಬರುವ ಮಟ್ಟಿಗೆ, ಅವನು ಊರೂರಿನಲ್ಲಿಯೂ ಒಂದೊಂದು ತರದ ನೆಲದಿಂದ ಒಂದೊಂದು ಗದ್ದೆಯನ್ನು ಆರಿಸಿ, ಐದು ವರ್ಷಗಳ ಕಾಲ ಅರಮನೆಯ ಖರ್ಚಿನಿಂದಲೇ ಬೇಸಾಯ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಫಲವೆಷ್ಟು ಎಂದು ಲೆಕ್ಕವಿಡಿಸಿದನು. ಬಳಿಕ ನೆಲವನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ವರ್ಗಗಳಾಗಿ ವಿಂಗಡಿಸಿ, ಸರಾಸರಿ ಹುಟ್ಟುವಳಿಯ ಮೂರರಲ್ಲಿ ಒಂದು ಭಾಗವನ್ನು ಅರಮನೆಯ ಪಾಲೆಂದು ಗೊತ್ತುಮಾಡಿದನು. ಅಡಕೆಯ ತೋಟಗಳ ಅಳತೆಗೆ ಬೇರೆ ಕೋಲಿತ್ತು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನಲ್ಲಿ ಅದರ ಉದ್ದವನ್ನು ಗುರುತಿಸಿದ್ದರು. ಅದು ಇಂಗ್ಲಿಷ್ ಅಳತೆಯಲ್ಲಿ ಹದಿನೆಂಟೂವರೆ ಅಡಿ.

ಇದು ಕಂದಾಯಕ್ಕಾಗಿ ಮಾಡಿದ ಕೆಲಸ, ಸಸ್ಯಶಾಸ್ತ್ರಕ್ಕಾಗಿ ಅಲ್ಲ, ಎಂಬುದನ್ನು ನಾನು ಮರೆತಿಲ್ಲ. ಆದರೂ ಒಂದು ನೆಲದ ಶಕ್ತಿಯನ್ನು ಮಾತಿನಿಂದಲ್ಲದೆ ಬೆಳೆಯಿಂದಲೇ ಕೇಳಿ ತಿಳಿಯಬೇಕು, ಒಂದು ವರ್ಷದ ಉತ್ತರವನ್ನು ನಂಬದೆ ಐದು ವರ್ಷ ಕೇಳಬೇಕು ಎಂಬ ಬುದ್ಧಿ ಇದರಲ್ಲಿದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ಡಿನಲ್ಲಿ ಲಾಸ್ ಮತ್ತು ಗಿಲ್ಬರ್ಟರು ತಮ್ಮ ಜಗತ್ಪ್ರಸಿದ್ಧವಾದ ಹೊಲದ ಪ್ರಯೋಗಗಳನ್ನು ತೊಡಗಿದುದು 1843 ರಲ್ಲಿ.

ಟಿಪ್ಪುವಿನ ಪತನವಾದ ಮೇಲೆ, 1800–1801 ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಕಂಪೆನಿಯ ಅಪ್ಪಣೆಯಂತೆ ಈ ನಾಡನ್ನೆಲ್ಲ ಸುತ್ತಿ, ಕಂಡುದನ್ನು ಬರೆದಿಟ್ಟನು. 1807 ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅದು ಅಚ್ಚಾಯಿತು. ಶಿರಸಿ, ಸಾಗರ, ನಗರಗಳ ಕಡೆಯ ಅಡಕೆಯ ತೋಟಗಳ ವಿಷಯ ಅದರಲ್ಲಿ ವಿವರವಾಗಿದೆ. ಹೈಗ ಬ್ರಾಹ್ಮಣರು ತಮ್ಮ ತೋಟದಲ್ಲಿ ಎಲ್ಲ ಬಗೆಯ ದುಡಿಮೆಯನ್ನೂ ತಾವೇ ಕೈಯಾರೆ ಮಾಡುವುದನ್ನು ಕಂಡು ಅವನು ಮೆಚ್ಚಿದ್ದಾನೆ. ಎಲೆಯ ಗೊಬ್ಬರಕ್ಕೆ ಅವರು ಕೊಡುತ್ತಿದ್ದ ಮಹತ್ತ್ವವೂ ಅವನ ಕಣ್ಣಿಗೆ ಬಿದ್ದಿದೆ. ಆದರೆ ತೋಟದ ಒಡೆಯನು ಎಲ್ಲ ಕಾಲದಲ್ಲಿಯೂ ತಾನೇ ಬುಟ್ಟಿ ಹೊತ್ತನೆಂದು ಭಾವಿಸಬೇಕಾಗಿಲ್ಲ. ತೋಟಗಳು ದೊಡ್ಡದಾದಂತೆ ಸೊಪ್ಪು ಕಡಿದವರೂ ಮಣ್ಣು ಹೊತ್ತವರೂ ಬೇರೆಯವರಾದರು. ಅವರಲ್ಲಿ ಹೆಂಗಸರೇ ಹೆಚ್ಚು. ಕಡತಗಳಲ್ಲಿ ಕಾಣಸಿಗುವುದು ಒಡೆಯನ ಹೆಸರೇ ಹೊರತು ಅವರದಲ್ಲ.

ಬೆಟ್ಟವು ಹೀಗೆ ತೋಟದ ಅಂಗವಾಗಿದ್ದುದನ್ನು ಅರಣ್ಯದ ಕಾನೂನುಗಳನ್ನು ಬರೆದವರೂ ಒಪ್ಪಿಕೊಳ್ಳಬೇಕಾಯಿತು. ಮೈಸೂರಿನ ಸಾಗರ, ನಗರ, ತೀರ್ಥಹಳ್ಳಿಗಳಲ್ಲಿ ತೋಟಗಳಿಗೆ ಸೊಪ್ಪಿನಬೆಟ್ಟಗಳನ್ನು ಗೊತ್ತುಮಾಡಿಕೊಟ್ಟರು. ಮುಂಬಯಿ ಸರ್ಕಾರಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ ಘಟ್ಟದ ಮೇಲಣ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟವನ್ನು ಬಿಡುವ ಕ್ರಮವಿತ್ತು. ನೆಲ ಸರ್ಕಾರದ್ದು, ಸೊಪ್ಪು, ದರಗು, ಹುಲ್ಲು ತೋಟಿಗನದು. ಈ ಒಂದಕ್ಕೆ ಒಂಬತ್ತು ಎಂಬ ಲೆಕ್ಕವನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಒಂದು ಎಕರೆ ಅಡಕೆಯ ಹಸಿವನ್ನು ತಣಿಸಲು ಒಂಬತ್ತು ಎಕರೆ ಕಾಡು ದುಡಿಯಬೇಕಿತ್ತು. ಹಾಗೆ ದುಡಿದ ಬೆಟ್ಟಕ್ಕೆ ಗೊಬ್ಬರ ಹಾಕುವವರು ಯಾರೂ ಇರಲಿಲ್ಲ. ಸೊಪ್ಪನ್ನು ಹದವರಿತು ಕಡಿದ ಬೆಟ್ಟಗಳು ತಲೆಮಾರುಗಳವರೆಗೆ ಬಾಳಿದುವು; ಹದ ತಪ್ಪಿದಲ್ಲಿ ಬೋಳಾದುವು. ಮಲೆನಾಡಿನ ಹಿರಿಯರು ಪ್ರಕೃತಿಯೊಡನೆ ಸದಾ ಸಾಮರಸ್ಯದಲ್ಲಿದ್ದರೆಂದು ಹೊಗಳುವ ಭಾಷಣಗಳನ್ನು ಕೇಳಿದಾಗ ನನಗೆ ಆ ಬೋಳುಗುಡ್ಡಗಳ ನೆನಪಾಗುತ್ತದೆ.

ಇತ್ತ ಯೂರೋಪಿನಲ್ಲಿ ಸಸ್ಯದ ಆಹಾರವೇನೆಂಬ ವಿಚಾರ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೂ ಗೊಂದಲದಲ್ಲಿತ್ತು. ಕೊಳೆತ ಎಲೆಯ ಕಪ್ಪು ಸಾರವನ್ನೇ ಗಿಡವು ಉಣ್ಣುತ್ತದೆಯೆಂದು ಪಂಡಿತರು ನಂಬಿದ್ದರು. ಜರ್ಮನಿಯ ಸ್ಪ್ರೆಂಗೆಲ್ ಎಂಬಾತನು ಇದನ್ನು ಅಲ್ಲಗಳೆದನು. 1840 ರಲ್ಲಿ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞನು ಗ್ರಂಥ ಬರೆದು ಜಗತ್ತಿಗೆ ಸಾರಿದನು. ಗಿಡ ಉಣ್ಣುವುದು ಕರಗಿದ ಖನಿಜಗಳನ್ನು. ಅವುಗಳಲ್ಲಿ ಯಾವುದು ಅಗತ್ಯಕ್ಕಿಂತ ತೀರ ಕಡಮೆಯಿರುವುದೋ ಅದೇ ಬೆಳೆಯ ಎಲ್ಲೆಯನ್ನು ಗೊತ್ತುಮಾಡುತ್ತದೆ. ಸಾರಿಗೆ ಉಪ್ಪಿಲ್ಲದಿದ್ದರೆ ಇನ್ನಷ್ಟು ಹುಣಸೆಹಣ್ಣು ಹಿಂಡಿದುದರಿಂದ ಊಟ ಸೊಗಸದು, ಅಷ್ಟೆ. ಲೀಬಿಗನೂ ಎಡವಿದನು. ಸಾರಜನಕವನ್ನು ಗಿಡಕ್ಕೆ ಗಾಳಿಯೂ ಮಳೆಯೂ ಸಾಕಷ್ಟು ಒದಗಿಸುತ್ತವೆಯೆಂದು ಅವನು ವಾದಿಸಿದನು. ರೋಥಾಮ್‌ಸ್ಟೆಡ್ಡಿನ ಗೋಧಿ ಅದನ್ನು ಸುಳ್ಳುಮಾಡಿತು. 1860 ರ ಸುಮಾರಿಗೆ ಸ್ಯಾಕ್ಸ್, ನೋಪ್ ಎಂಬವರು ಮಣ್ಣೇ ಇಲ್ಲದೆ ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡಗಳನ್ನು ಬೆಳೆಸಿದರು. ಅಲ್ಲಿಂದ ಮುಂದೆ ಒಂದೊಂದೇ ಲವಣವನ್ನು ಬಿಟ್ಟು, ಗಿಡವು ಯಾವ ರೀತಿಯಲ್ಲಿ ಸೊರಗುತ್ತದೆಯೆಂದು ನೋಡುವುದು ಸಾಧ್ಯವಾಯಿತು. ಮಾವ ಕೇಳಿದ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರ ದೊರೆತುದು ಈ ಗಾಜಿನ ಸೀಸೆಗಳಲ್ಲಿ.

ಹಿಂದೂಸ್ಥಾನದ ಬೇಸಾಯವನ್ನು ಪರಿಶೀಲಿಸಲು ಬಂದಿದ್ದ ವೋಲ್ಕರ್ ಎಂಬ ರಸಾಯನಶಾಸ್ತ್ರಜ್ಞನ ವರದಿ 1893 ರಲ್ಲಿ ಹೊರಬಿದ್ದಿತು. ಇಲ್ಲಿಯ ಒಳ್ಳೆಯ ರೈತನು ಇಂಗ್ಲೆಂಡಿನ ಸಾಮಾನ್ಯ ರೈತನಿಗೆ ಯಾವುದರಲ್ಲಿಯೂ ಕಡಮೆಯಲ್ಲ, ಕೆಲವು ವಿಷಯಗಳಲ್ಲಿ ಮೇಲು. ಅವನ ಕೊರತೆ ಬುದ್ಧಿಯದಲ್ಲ, ಗೊಬ್ಬರದ್ದು. ಸಗಣಿ ಹೊಲಕ್ಕೆ ಹೋಗದೆ ಒಲೆಗೆ ಹೋಗುತ್ತಿದೆ ಎಂಬುದು ಅವನ ಅಭಿಪ್ರಾಯದ ತಾತ್ಪರ್ಯ. ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನವು ಲೇಮನ್ ಎಂಬ ವಿದ್ವಾಂಸರನ್ನು ವ್ಯವಸಾಯ ರಸಾಯನಶಾಸ್ತ್ರಜ್ಞರನ್ನಾಗಿ ನೇಮಿಸಿಕೊಂಡಿತು. 1908 ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್‌ಮನ್ ಬಂದರು; ಅವರು ಮುಂದೆ ವ್ಯವಸಾಯ ಇಲಾಖೆಯ ಡೈರೆಕ್ಟರಾದರು. ಮಲೆನಾಡಿನವರು ಕೋಲ್‌ಮನ್ನರನ್ನು ನೆನೆಯುವುದು ಕೊಳೆರೋಗದ ದೆಸೆಯಿಂದ. ಆಷಾಢದ ಮಳೆಯಲ್ಲಿ ಎಳೆಯ ಅಡಕೆ ಕೊಳೆತು ಉದುರಿಹೋಗುವ ಆ ಪಿಡುಗಿಗೆ ಹಿಂದಿನವರು ಕರಡದ ಕೊಟ್ಟೆಯನ್ನು ಹೆಣೆದು ಗೊನೆಗೆ ಕಟ್ಟುತ್ತಿದ್ದರು. ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಕೋಲ್‌ಮನ್ ಅಭ್ಯಾಸಮಾಡಿ 1910 ರಲ್ಲಿ ಬರೆದರು. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಇಂದಿಗೂ ಮಳೆಗಾಲದ ಮೊದಲಲ್ಲಿ ನಿಟ್ಟೂರಿನ ತೋಟಗಳಲ್ಲಿ ಆ ನೀಲಿ ನೀರು ಮರದ ನೆತ್ತಿಗೆ ಏರುತ್ತದೆ.

ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುವ ಹೇಬರನ ವಿಧಾನ 1909 ರಲ್ಲಿ ಪ್ರಯೋಗಶಾಲೆಯಲ್ಲಿ ಸಿದ್ಧಿಸಿ, 1913 ರಲ್ಲಿ ಜರ್ಮನಿಯ ಓಪೌ ಕಾರ್ಖಾನೆಯಲ್ಲಿ ನಡೆಯತೊಡಗಿತು. 1930 ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನ ಬಳಿಯ ಬೆಳಗೊಳದಲ್ಲಿಯೂ ರಾಸಾಯನಿಕ ಗೊಬ್ಬರದ ಕಾರ್ಖಾನೆ ತಲೆಯೆತ್ತಿತು. ಒಂಬತ್ತು ಎಕರೆ ಬೆಟ್ಟದ ಕೆಲಸವನ್ನು ಒಂದು ಚೀಲ ಮಾಡಬಲ್ಲುದೆಂಬ ನಂಬಿಕೆ ಅಲ್ಲಿಂದ ಬೆಳೆಯಿತು.

ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾಲಯದವರು ಅಡಕೆಗೆ ಹೇಳುವ ಪ್ರಮಾಣವನ್ನು ನೋಡಿರಿ. ಫಲ ಬಿಡುವ ಒಂದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಇವುಗಳ ಜೊತೆಗೆ 12 ಕಿಲೋಗ್ರಾಂ ಹಸುರೆಲೆ, ಮತ್ತೆ 12 ಕಿಲೋಗ್ರಾಂ ಕೊಟ್ಟಿಗೆಯ ಗೊಬ್ಬರ ಅಥವಾ ಕಾಂಪೋಸ್ಟು. ಚೀಲವನ್ನು ಹೇಳಿದವರೇ ಸೊಪ್ಪನ್ನು ಬಿಡಲಿಲ್ಲವೆಂಬುದು ಗಮನಾರ್ಹ. ಎಲೆಗೊಬ್ಬರವಿಲ್ಲದ ಮಣ್ಣು ಚೀಲದ ಗೊಬ್ಬರವನ್ನು ಹಿಡಿದಿಟ್ಟುಕೊಳ್ಳಲಾರದು. ಇನ್ನೂರು ಅಂಗುಲದ ಮಳೆ ಅದನ್ನು ಹಳ್ಳಕ್ಕೆ ಒಯ್ಯುತ್ತದೆ. ಮೂರರಲ್ಲಿ ಪೊಟ್ಯಾಷೇ ಹೆಚ್ಚಿರುವುದನ್ನೂ ನೋಡಿರಿ. ಅಡಕೆ, ಸಿಪ್ಪೆ, ಸೋಗೆ, ಹಾಳೆ ಎಲ್ಲವೂ ಪೊಟ್ಯಾಷನ್ನು ಹೊತ್ತು ತೋಟದಿಂದ ಹೊರಗೆ ಹೋಗುತ್ತವೆ. ಪಟ್ಟಣದ ಮದುವೆಗಳಲ್ಲಿ ನಾವು ಉಂಡು ಎಸೆಯುವ ಹಾಳೆಯ ತಟ್ಟೆಯಲ್ಲಿಯೂ ಯಾವುದೋ ತೋಟದ ಒಂದು ಚಿಟಿಕೆ ಉಪ್ಪಿದೆ.

ಇನ್ನು ಮಾವನ ಪ್ರಶ್ನೆಗೆ ಬರುತ್ತೇನೆ: ಹಳೆಯ ಎಲೆಯೋ, ಹೊಸ ಎಲೆಯೋ?

ಗಿಡದ ಆಹಾರದಲ್ಲಿ ಎರಡು ಜಾತಿ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಇವು ಒಂದು ಎಲೆಯಿಂದ ಇನ್ನೊಂದು ಎಲೆಗೆ ಹರಿಯಬಲ್ಲುವು. ಕೊರತೆಯಾದಾಗ ಗಿಡವು ಹಳೆಯ ಎಲೆಯಿಂದ ಅವುಗಳನ್ನು ಹಿಂತೆಗೆದುಕೊಂಡು ಚಿಗುರಿಗೆ ಕೊಡುತ್ತದೆ. ಬರಗಾಲದಲ್ಲಿ ಹೆತ್ತವರು ತಾವು ಉಪವಾಸವಿದ್ದು ಮಕ್ಕಳಿಗೆ ಉಣಿಸುವಂತೆ. ಆದ್ದರಿಂದ ಇವುಗಳ ಹಸಿವಿನ ಗುರುತು ಮೊದಲು ಕಾಣುವುದು ಕೆಳಗಿನ, ಹಳೆಯ ಎಲೆಯಲ್ಲಿ. ಕಬ್ಬಿಣ, ಸುಣ್ಣ, ಬೋರಾನ್ ಮುಂತಾದುವು ಒಮ್ಮೆ ಸೇರಿದ ಎಲೆಯನ್ನು ಬಿಟ್ಟು ಕದಲುವುದಿಲ್ಲ. ಗಂಧಕವೂ ಸತುವೂ ಕದಲುವುದು ಅಲ್ಪ. ಇವುಗಳ ಕೊರತೆ ಎಳೆಯ ಎಲೆಯಲ್ಲಿ, ಕುಡಿಯಲ್ಲಿ ಕಾಣುತ್ತದೆ. ಈ ಒಂದು ಸೂತ್ರವನ್ನು ತಿಳಿದವನಿಗೆ ಅರ್ಧ ರೋಗನಿರ್ಣಯವಾದಂತೆಯೇ.

ಕೆಳಗಿನ ಎಲೆಗಳು ತುದಿಯಿಂದ ತೊಡಗಿ ಒಂದೇ ಸಮನಾಗಿ ಹಳದಿಯಾಗುತ್ತ, ಗಿಡ ಬೆಳೆಯದೆ ನಿಂತರೆ ಅದು ಸಾರಜನಕದ ಹಸಿವು. ಎಲೆ ಮಂಕಾದ ಕಡುಹಸುರಾಗಿ, ಕೆಲವು ಗಿಡಗಳಲ್ಲಿ ನೇರಳೆಯ ಛಾಯೆ ತಾಳಿ, ಬೇರು ಬಡವಾಗಿ, ಹೂವು ತಡವಾದರೆ ರಂಜಕದ್ದು. ಹಳೆಯ ಎಲೆಯ ಅಂಚೂ ತುದಿಯೂ ಸುಟ್ಟಂತೆ ಒಣಗಿ, ನಡುವೆ ಹಸುರುಳಿದಿದ್ದರೆ ಪೊಟ್ಯಾಷನ್ನು ಶಂಕಿಸಬೇಕು. ನರಗಳ ಅಕ್ಕಪಕ್ಕ ಹಸುರಾಗಿಯೇ ಇದ್ದು ನರಗಳ ನಡುವಣ ಭಾಗ ಹಳದಿಯಾದರೆ ಮೆಗ್ನೀಸಿಯಂ. ಎಲೆಗೆ ಹಸುರು ಕೊಡುವ ಪತ್ರಹರಿತ್ತಿನ ನಟ್ಟನಡುವೆ ಮೆಗ್ನೀಸಿಯಮ್ಮಿನ ಒಂದು ಪರಮಾಣು ಕುಳಿತಿದೆಯೆಂದು ತೋರಿಸಿಕೊಟ್ಟ ವಿಲ್‌ಸ್ಟೆಟರ್ ಎಂಬ ಜರ್ಮನ್ ವಿಜ್ಞಾನಿಗೆ 1915 ರ ನೊಬೆಲ್ ಪಾರಿತೋಷಿಕ ದೊರೆಯಿತು.

ಕುಡಿಯ ಎಲೆಗಳ ಕಡೆ ನೋಡೋಣ. ಹೊಸ ಎಲೆ ಬೆಳ್ಳಗೆ ಹಳದಿಯಾಗಿ, ಅದರ ಮೇಲೆ ನರಗಳ ಜಾಲವೊಂದೇ ಹಸುರಾಗಿ ಲೇಖನಿಯಿಂದ ಬರೆದಂತೆ ಕಂಡರೆ ಅದು ಕಬ್ಬಿಣದ್ದು. ಫ್ರಾನ್ಸಿನ ಯೂಸೆಬ್ ಗ್ರಿಸ್ ಎಂಬಾತನು 1840 ರ ದಶಕದಲ್ಲಿಯೇ ಇಂತಹ ಎಲೆಗಳಿಗೆ ಕಬ್ಬಿಣದ ಲವಣವನ್ನು ಸವರಿ ಹಸುರು ಮರಳುವುದನ್ನು ಕಂಡಿದ್ದನು. ಎಲೆ ಕಿರಿದಾಗಿ, ಗೆಣ್ಣುಗಳು ಒತ್ತಾಗಿ, ನಿಂಬೆ ಕಿತ್ತಳೆಗಳಲ್ಲಿ ಹಳದಿಯ ಮಚ್ಚೆಗಳು ಮೂಡಿದರೆ ಸತುವಿನದು. ಟೊಮೇಟೊ ಹಣ್ಣಿನ ತಳ ಕಪ್ಪಾಗಿ ಕೊಳೆತರೆ ಹಣ್ಣಿಗೆ ಸುಣ್ಣ ಮುಟ್ಟಲಿಲ್ಲವೆಂದು ಅರ್ಥ. ಇದಕ್ಕೆ ಬಹುಮಟ್ಟಿಗೆ ಕಾರಣ ಒಂದು ದಿನ ಹೆಚ್ಚು, ಒಂದು ದಿನ ಕಡಮೆ ನೀರೆರೆಯುವ ನಮ್ಮ ಅಭ್ಯಾಸ. ತೆಂಗಿನ ಹೊಸ ಗರಿಯ ಎಳೆಗಳು ಬಿಡಿಸಿಕೊಳ್ಳದೆ ಮುದುಡಿ ಅಂಟಿಕೊಂಡಿದ್ದರೆ ಬೋರಾನ್. ಇದು ಬೇಕಾಗುವುದು ಕಣದಷ್ಟು. ಆ ಕಣವಿಲ್ಲದೆ ಗಿಡ ಬಾಳದೆಂಬುದನ್ನು 1923 ರಲ್ಲಿ ರೋಥಾಮ್‌ಸ್ಟೆಡ್ಡಿನಲ್ಲಿ ಸಿದ್ಧಪಡಿಸಿದವಳು ಕ್ಯಾಥರಿನ್ ವಾರಿಂಗ್ಟನ್ ಎಂಬ ಮಹಿಳೆ.

ಆದರೆ ಎಲೆಯ ಭಾಷೆಯಲ್ಲಿ ಒಂದು ಅಪಾಯವಿದೆ. ಹಸಿವೂ ರೋಗವೂ ಒಂದೇ ಬಣ್ಣವನ್ನು ಉಡುವುದುಂಟು. ಅಡಕೆಯ ಹಳದಿ ಎಲೆ ರೋಗವು ಇದಕ್ಕೆ ದುಃಖಕರವಾದ ಉದಾಹರಣೆ. 1914 ರ ಸುಮಾರಿಗೆ ತಿರುವಾಂಕೂರಿನಲ್ಲಿ ಗುರುತಿಗೆ ಬಂದ ಈ ರೋಗವು ಕಾಲಕ್ರಮದಲ್ಲಿ ಶೃಂಗೇರಿ, ಕೊಪ್ಪ, ಸುಳ್ಯದ ಕಡೆಯ ತೋಟಗಳನ್ನು ಹಾಳುಗೆಡವಿತು. ಎಲೆ ಹಳದಿಯಾದುದನ್ನು ಕಂಡು ತೋಟಿಗರು ಮೊದಲು ಮಣ್ಣಿನ ಬಡತನವೆಂದು ತಿಳಿದರು, ಬಸಿಗಾಲುವೆಯ ದೋಷವೆಂದು ತಿಳಿದರು, ಸಾಲಮಾಡಿ ಗೊಬ್ಬರ ಸುರಿದರು. ರೋಗದ ಮೂಲ ಫೈಟೋಪ್ಲಾಸ್ಮವೆಂಬ ಅತಿಸೂಕ್ಷ್ಮ ಜೀವಿಯಲ್ಲಿದೆ, ರಸ ಹೀರುವ ಒಂದು ಸಣ್ಣ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ ಎಂಬುದು ತಿಳಿಯುವ ವೇಳೆಗೆ ತಲೆಮಾರುಗಳೇ ಕಳೆದಿದ್ದುವು. ಅದಕ್ಕೆ ಈಗಲೂ ಮದ್ದಿಲ್ಲ. ಸಮತೂಕದ ಗೊಬ್ಬರದಿಂದ ಮರ ಕೆಲವು ಕಾಲ ತಾಳಿಕೊಳ್ಳಬಹುದು, ಅಷ್ಟೆ. ಇತ್ತೀಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರಗಳ ಮಳೆಸೀಮೆಯಲ್ಲಿ ಹಬ್ಬಿರುವ ಎಲೆಚುಕ್ಕಿ ರೋಗವಾದರೋ ಶಿಲೀಂಧ್ರದ್ದು. ಅದರ ಚುಕ್ಕಿಗಳು ಕೂಡಿಕೊಂಡು ಸೋಗೆ ಒಣಗಿದಾಗ ದೂರದಿಂದ ನೋಡಿದವನಿಗೆ ಪೊಟ್ಯಾಷಿನ ಕೊರತೆಯಂತೆಯೇ ತೋರುತ್ತದೆ. ಕೊರತೆಯಾದರೆ ಸಾಮಾನ್ಯವಾಗಿ ಒಂದೇ ವಯಸ್ಸಿನ ಎಲೆಗಳಲ್ಲಿ, ಎರಡು ಪಕ್ಕಕ್ಕೂ ಸಮನಾಗಿ ಕಾಣುವುದು. ರೋಗವಾದರೆ ಅಲ್ಲೊಂದು ಇಲ್ಲೊಂದು ಎಂದು ಕ್ರಮವಿಲ್ಲದೆ ಹಬ್ಬುವುದು. ಇದೂ ಕಣ್ಣಳತೆಯ ಮಾತೇ ಸರಿ. ಸಂದೇಹವಿದ್ದಲ್ಲಿ ಮಣ್ಣನ್ನೂ ಎಲೆಯನ್ನೂ ಪರೀಕ್ಷೆ ಮಾಡಿಸದೆ ಚೀಲವನ್ನು ಬಿಚ್ಚಬಾರದು.

ನಮ್ಮ ಕುಂಡಗಳ ಮಾತು ಉಳಿಯಿತು. ಹೂಕುಂಡವೆಂಬುದು ಒಂದು ಪುಟ್ಟ ನಿಟ್ಟೂರು ಎಂದು ನನಗೆ ಹೊಳೆದುದು ಮಾವನ ತೋಟದಿಂದ ಹಿಂತಿರುಗಿ ಬರುವಾಗ. ಹಿಡಿಮಣ್ಣು, ದಿನವೂ ನಾವು ಸುರಿಸುವ ಮಳೆ, ತಳದ ತೂತಿನಿಂದ ಕರಗಿ ಹರಿದುಹೋಗುವ ಸತ್ತ್ವ. ವ್ಯತ್ಯಾಸವೇನೆಂದರೆ ಕುಂಡಕ್ಕೆ ಸೊಪ್ಪಿನಬೆಟ್ಟವಿಲ್ಲ. ಅದರ ಬೆಟ್ಟ ನಾವೇ. ಆದ್ದರಿಂದ ಕುಂಡದ ಗಿಡಕ್ಕೆ ಗೊಬ್ಬರವನ್ನು ಮೇಲಿಂದ ಮೇಲೆ, ಆದರೆ ತೀರ ಸ್ವಲ್ಪವಾಗಿ ಕೊಡಬೇಕು. ಕಡಲೆಕಾಯಿ ಹಿಂಡಿಯನ್ನು ನೀರಿನಲ್ಲಿ ಕೆಲವು ದಿನ ನೆನೆಯಿಟ್ಟು, ತಿಳಿಯನ್ನು ಹತ್ತುಪಟ್ಟು ನೀರಿನೊಡನೆ ಬೆರೆಸಿ ಎರೆಯಬಹುದು. ಬೇವಿನ ಹಿಂಡಿ, ಚೆನ್ನಾಗಿ ಕಳಿತ ಕೊಟ್ಟಿಗೆಯ ಗೊಬ್ಬರ ಒಳ್ಳೆಯವು. ಮೂಳೆಪುಡಿ ರಂಜಕವನ್ನೂ ಸುಣ್ಣವನ್ನೂ ಮೆಲ್ಲಮೆಲ್ಲನೆ ಬಿಡುತ್ತದೆ. ಇಂದು ಹಾಕಿ ನಾಳೆ ಹೂವನ್ನು ಬಯಸಬಾರದು. ಒಲೆಯ ಬೂದಿಯಲ್ಲಿ ಪೊಟ್ಯಾಷಿದೆಯೆಂಬುದು ನಿಜ, ಆದರೆ ಕ್ಷಾರವೂ ಇದೆ. ಹುಳಿಮಣ್ಣಿನ ಮಲೆನಾಡಿನಲ್ಲಿ ಅಮೃತವಾದುದು ಬಯಲುಸೀಮೆಯ ಕುಂಡದಲ್ಲಿ ವಿಷವಾದೀತು. ಕುಂಡದ ಅಂಚಿನಲ್ಲಿ ಬಿಳಿಯ ಹೊಪ್ಪಳೆ ಕಟ್ಟಿ ಎಲೆಯ ತುದಿ ಕರಕಾದರೆ ಅದು ಹಸಿವಲ್ಲ, ಅಜೀರ್ಣ. ಆಗ ಗೊಬ್ಬರವನ್ನು ನಿಲ್ಲಿಸಿ, ತಳದಿಂದ ಚೆನ್ನಾಗಿ ಹರಿದುಹೋಗುವವರೆಗೂ ಎರಡು ಮೂರು ಸಲ ಶುದ್ಧವಾದ ನೀರನ್ನು ಎರೆಯಬೇಕು.

ಮನೆಗೆ ಬಂದು ಉಳಿದಿದ್ದ ಗುಲಾಬಿಗಳ ಮುಂದೆ ಕುಳಿತು, ಮೊದಲ ಬಾರಿಗೆ, ಎಲೆಗಳನ್ನು ನೋಡಿದೆನು. ಹಳದಿಯಾಗಿದ್ದುದು ಹೊಸ ಎಲೆ, ನರಗಳು ಹಸುರು. ಕಬ್ಬಿಣದ ಹಸಿವು. ಆದರೆ ಕುಂಡದಲ್ಲಿದ್ದುದು ಕೆಮ್ಮಣ್ಣು, ಕಬ್ಬಿಣಕ್ಕೆ ಬರವೆಲ್ಲಿಯದು? ಬರವಿದ್ದುದು ಕಬ್ಬಿಣಕ್ಕಲ್ಲ. ನಾನು ವರ್ಷಗಟ್ಟಲೆ ಎರೆದ ಕೊಳವೆಬಾವಿಯ ಗಡುಸುನೀರಿನ ಸುಣ್ಣವು ಮಣ್ಣನ್ನು ಕ್ಷಾರವಾಗಿಸಿ ಅಲ್ಲಿದ್ದ ಕಬ್ಬಿಣವನ್ನು ಬೇರಿಗೆ ದಕ್ಕದಂತೆ ಬೀಗಹಾಕಿತ್ತು. ಅಂತಹ ಗಿಡಕ್ಕೆ ನಾನು ಮೂರು ಬಗೆಯ ಬೇರೆ ಉಪ್ಪುಗಳನ್ನು ಉಣಿಸಿದ್ದೆನು. ಮಳೆನೀರನ್ನು ಹಿಡಿದಿಟ್ಟು ಎರೆದು, ಲೀಟರಿಗೆ ಐದು ಗ್ರಾಂ ಮೀರದಂತೆ ಅನ್ನಭೇದಿಯನ್ನು ಕರಗಿಸಿ ಸಂಜೆಯ ಹೊತ್ತು ಎಲೆಗಳಿಗೆ ಎರಡು ಸಲ ಸಿಂಪಡಿಸಿದ ಮೇಲೆ ಚಿಗುರು ಹಸುರಾಗಿ ಬಂದಿತು.

ಮಾವನ ತೋಟದ ವಿಷಯ ಅಷ್ಟು ಸುಲಭವಲ್ಲ. ಅವರ ಕೊಟ್ಟಿಗೆಯಲ್ಲಿ ಹಿಂದೆ ಇಪ್ಪತ್ತು ದನಗಳಿದ್ದುವು, ಈಗ ಎರಡು. ಸೊಪ್ಪು ಕಡಿಯಲು ಆಳುಗಳು ಸಿಗುವುದಿಲ್ಲ. ಊರಿನ ಗದ್ದೆಗಳೆಲ್ಲ ತೋಟಗಳಾಗಿವೆ, ಬೆಟ್ಟವೇನೂ ಬೆಳೆಯಲಿಲ್ಲ. ಒಂದಕ್ಕೆ ಒಂಬತ್ತು ಎಂಬ ಲೆಕ್ಕ ಎಂದೋ ತಪ್ಪಿದೆ. ಉಳಿದುದನ್ನು ಚೀಲ ತುಂಬುತ್ತಿದೆ, ತುಂಬಿದಷ್ಟನ್ನು ಮಳೆ ಒಯ್ಯುತ್ತಿದೆ. ಕಳೆದ ಸಲ ಹೋದಾಗ ನನ್ನ ಬಲವಂತದಿಂದ ತೋಟದ ಮಣ್ಣನ್ನು ಪರೀಕ್ಷೆಗೆ ಕಳುಹಿಸಿದ್ದೆವು. ಫಲಿತಾಂಶದ ಕಾಗದ ಬಂದಿತು: ಹುಳಿ ಹೆಚ್ಚು, ಎಲೆಗೊಬ್ಬರದ ಅಂಶ ಚೆನ್ನಾಗಿದೆ, ಪೊಟ್ಯಾಷ್ ಬಹಳ ಕಡಮೆ. ಮಾವ ಕನ್ನಡಕವನ್ನೇರಿಸಿ ಎರಡು ಸಲ ಓದಿ, ಕಾಗದವನ್ನು ನನ್ನ ಕೈಗೆ ಕೊಟ್ಟು, "ನೀನು ಚರಿತ್ರೆ ಓದಿದವನಲ್ಲವೋ, ಶಿವಪ್ಪನಾಯಕನ ಲೆಕ್ಕದಲ್ಲಿ ಇದು ಯಾವ ತರದ ನೆಲ ಹೇಳು ನೋಡುವ" ಎಂದರು. ಸೊಪ್ಪಿನ ಮಟ್ಟಿಗೆ ಉತ್ತಮ, ಪೊಟ್ಯಾಷಿನ ಮಟ್ಟಿಗೆ ಅಧಮ ಎಂದೆನು. "ಹಾಗಾದರೆ ಆ ಸಿಪ್ಪೆಯ ರಾಶಿಯನ್ನು ಮಾರುವುದು ಬೇಡ" ಎಂದು, ಅಂಗಳದ ಮೂಲೆಯಲ್ಲಿ ಬಿದ್ದಿದ್ದ ಅಡಕೆಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿಸಲು ಆಳನ್ನು ಕೂಗಿದರು.